ಬಂದರು ಸರ್ವೆ ಶುರುವಾದಂದಿನಿಂದ ಅಪ್ಪನಿಗೆ ನಿದ್ದೆಯಿಲ್ಲ ಎಂದಿರಿ

ಮನೆಯೂ ದಡವೂ ಉಳಿಯುತ್ತವೆಯೋ ಇಲ್ಲವೋ ಎಂಬ ಅನಿಶ್ಚಿತತೆಯೇ ಕಾರಣವಿರಬೇಕು, ವಯಸ್ಸಲ್ಲ. ಅಂಕೋಲೆಯ ನಮ್ಮ ಕೇರಿಯಲ್ಲಿ ಸರ್ವೆ ಕಲ್ಲು ನೆಟ್ಟ ಮೇಲೆ ನನ್ನ ಅಪ್ಪನೂ ಬಲೆಯ ಒಂದೇ ಕಣ್ಣಿಗೆ ಗಂಟು ಹಾಕುತ್ತ, ಬಿಚ್ಚುತ್ತ ಬೆಳಗು ಮಾಡುತ್ತಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಂಡೆ ಸೀಳಿ ಅನಿಲ ತೆಗೆಯುವ ಊರುಗಳ ಜನರಲ್ಲೂ ಇಂಥದೇ ಆತಂಕ, ನಿದ್ರಾಹೀನತೆ ದಾಖಲಾಗಿವೆ.

ಮೊದಲು 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮನಸ್. ಉಚಿತ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಇದು ಆತಂಕವೋ ಖಿನ್ನತೆಯೋ ಎಂದು ನಾನು ಹೇಳಲಾರೆ, ಮನೋವೈದ್ಯರೇ ನೋಡಬೇಕು. ಆದ್ದರಿಂದ ಎರಡು ವಾರ ದಾಟಿದ್ದರೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಅದೇ ದಿನ. ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಡಲೇಬೇಡಿ.

ಜೊತೆಗೇ ಕಾಗದದ ಕೆಲಸ ಹಿಡಿಯಿರಿ. ನಿಮ್ಮ ಸರ್ವೆ ನಂಬರ್ ಯೋಜನೆಯಲ್ಲಿದೆಯೇ ಎಂದು ತಹಶೀಲ್ದಾರರ ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಿ; 30 ದಿನದೊಳಗೆ ಉತ್ತರ ಕೊಡಬೇಕು. ಯೋಜನೆಯ ಬಗ್ಗೆ ಊರವರ ಮಾತು ಕೇಳುವ ಪರಿಸರ ಅಹವಾಲು ಸಭೆಗೂ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ಆಗ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ಆಕ್ಷೇಪಣೆ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಸಹಿ ಅಪ್ಪನದೇ ಇರಲಿ. ನನ್ನ ಅಪ್ಪ ಬಹಳ ದಿನಗಳ ಮೇಲೆ ಬೆಳಗಿನವರೆಗೆ ಮಲಗಿದ್ದು ಸಹಿ ಹಾಕಿ ಬಂದ ರಾತ್ರಿ.