ಎರ್ಲಡ್ಡು ಹೊಲ ಬಿಟ್ಟು ಹೋಗಲು ಉಳುಮೆಯೇ ಕಾರಣವೇ?

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯ ಎರ್ಲಡ್ಡು (ಎರೆಭೂತ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಾಣೆಯಾಗುತ್ತಿರುವುದಕ್ಕೆ ಬೇಸಾಯವೇ ಕಾರಣವೇ, ರೈತರು ಏನು ಮಾಡಬಹುದು ಎಂದು ಕೇಳಿದ್ದೀರಿ.

ಬೇಸಾಯವನ್ನೆಲ್ಲ ಒಟ್ಟಿಗೆ ದೂರುವುದನ್ನು ನಾನು ಒಪ್ಪುವುದಿಲ್ಲ. ಮಳೆಯನ್ನೇ ನಂಬಿದ ಜೋಳ, ಕಡಲೆ, ಹತ್ತಿ ಹೊಲಗಳಲ್ಲೇ ಈ ಹಕ್ಕಿ ಮಿಡತೆ, ಜೀರುಂಡೆ, ಕಾಳು ಹೆಕ್ಕಿ ಬದುಕಿದೆ. ಅದಕ್ಕೆ ಮುಳುವಾಗಿರುವುದು ಹೊಲಕ್ಕೆ ಬಿಡುವೇ ಇಲ್ಲದಂತಾಗಿರುವುದು. ಎರೆಭೂಮಿಯಲ್ಲಿ (ಕಪ್ಪು ಮಣ್ಣಿನ ನೆಲ) ಹಿಂಗಾರಿ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಹೊಲ ಖಾಲಿ, ಬದುವಿನಲ್ಲಿ ಹುಲ್ಲು. ಹೆಣ್ಣು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಟ್ಟು ಸುಮಾರು ನಾಲ್ಕು ವಾರ ಕಾವು ಕೊಡುವುದೂ ಹೆಚ್ಚಾಗಿ ಈ ಮಳೆಗಾಲದಲ್ಲೇ. ಕಾಲುವೆ ನೀರು ಬಂದ ಕಡೆ ಅದೇ ಹೊತ್ತಿಗೆ ಭತ್ತದ ಕೆಸರು. ನೀರಿಲ್ಲದ ಕಡೆ ಟ್ರ್ಯಾಕ್ಟರಿಗೆ ಅಡ್ಡವೆಂದು ಬದು ಕಿತ್ತು, ಕಳೆನಾಶಕ ಹೊಡೆಯುತ್ತಾರೆ. ಹುಲ್ಲು ಹೋದರೆ ಮಿಡತೆಯೂ ಹೋಗುತ್ತದೆ, ಮರಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಆಂಧ್ರದ ರೊಳ್ಳಪಾಡು ಅಭಯಾರಣ್ಯದ ಹುಲ್ಲನ್ನು ಕಾಪಾಡಿದರೂ ಸುತ್ತಲಿನ ಒಣಬೇಸಾಯ ಬದಲಾದ ಮೇಲೆ ಅಲ್ಲಿ ಎರ್ಲಡ್ಡು ನಿಲ್ಲಲಿಲ್ಲ.

ನಾಲ್ಕು ಎಕರೆ ಇದ್ದರೆ ಹತ್ತು ಗುಂಟೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹರಗದೆ ಬಿಡಿ. ಪಕ್ಕದ ಹೊಲದವರೂ ಒಪ್ಪಿ ತುಂಡುಗಳು ಕೂಡಿಕೊಂಡರೆ ಮಾತ್ರ ಇಷ್ಟು ದೊಡ್ಡ ಹಕ್ಕಿಗೆ ಅದು ಜಾಗವೆನಿಸುತ್ತದೆ. ಹೀಗೆ ಬಿಟ್ಟ ನೆಲಕ್ಕೆ ಸರ್ಕಾರ ಗುತ್ತಿಗೆ ದರದಷ್ಟಾದರೂ ಹಣ ಕೊಡಬೇಕು. ಆ ಹೊರೆಯನ್ನು ರೈತನೊಬ್ಬನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಬದು ಒಂದು ಮೀಟರ್ ಅಗಲವಿರಲಿ, ಸುಡಬೇಡಿ. ಇಲ್ಲಿ ಸಾಮಾನ್ಯವಾಗಿ ಕೆಡುವುದು ಕಳೆಯಿಂದ: ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೈಯಿಂದ ಕೀಳಿ, ಉಳಿದ ಹುಲ್ಲನ್ನು ಬೀಜ ಉದುರುವ ಮೊದಲು ಕುಡುಗೋಲಿನಿಂದ ಕೊಯ್ದು ದನಕ್ಕೆ ಹಾಕಿ.

ಉಳಿದ ಹೊಲ ಹರಗುವಾಗ ಮುಂದೆ ಒಬ್ಬರು ನಡೆದು ನೆಲ ನೋಡಲಿ. ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಬನ್ನಿ, ಮರಿಗೆ ಓಡಲು ದಾರಿ ಸಿಗುತ್ತದೆ. ಸ್ಕಾಟ್ಲೆಂಡಿನಲ್ಲಿ ಹುಲ್ಲಿನೊಳಗೆ ನೆಲದಲ್ಲೇ ಗೂಡು ಮಾಡುವ ಕಾರ್ನ್‌ಕ್ರೇಕ್ ಹಕ್ಕಿಗಾಗಿ ಹುಲ್ಲನ್ನು ಹೀಗೆಯೇ ಕೊಯ್ಯುತ್ತಾರೆ.

ಮೊಟ್ಟೆ ಕಂಡರೆ ಮುಟ್ಟಬೇಡಿ, ಗುರುತಿಗೆ ಕೋಲು ನೆಡಬೇಡಿ, ಫೋಟೊ ಹಂಚಬೇಡಿ. ತಾಯಿ ಎದ್ದುಹೋದ ಹೊತ್ತಿನಲ್ಲಿ ಕಾಗೆ, ನಾಯಿ ಮೊಟ್ಟೆಯನ್ನು ಹುಡುಕಿಬಿಡುತ್ತವೆ. ತಕ್ಷಣ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ.

ಬೀಳು ಬಿಡುವ ತುಂಡು ವಿದ್ಯುತ್ ತಂತಿಯಿಂದ ಆದಷ್ಟು ದೂರವಿರಲಿ. ಗಂಡು 15 ಕಿಲೋವರೆಗೂ ತೂಗುತ್ತದೆ, ಎದುರಿನ ನೋಟ ಕಿರಿದು. ಹಾರುವಾಗ ತಂತಿ ಕಂಡರೂ ಅಷ್ಟು ಭಾರದ ಮೈಯನ್ನು ಸಮಯಕ್ಕೆ ತಿರುಗಿಸಲಾಗುವುದಿಲ್ಲ.