ಪೈಪ್‌ಲೈನ್ ಬಿರುಕು ಪತ್ತೆಗೆ ಪೈಜೋ ಸೆನ್ಸರ್ ಒಳ್ಳೆಯದಾ, ಆಪ್ಟಿಕಲ್ ಫೈಬರ್ ಒಳ್ಳೆಯದಾ?

ಉಕ್ಕಿನ ಪೈಪಿಗೆ ಮೊದಲೇ ಸೆನ್ಸರ್ ಅಂಟಿಸಿ ಬಿರುಕು, ತುಕ್ಕು ಪತ್ತೆ ಹಚ್ಚುವ ಪ್ರಾಜೆಕ್ಟ್ ಅಂದಿರಿ. ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯ ಪೈಪ್‌ಲೈನಿನಲ್ಲಿ ನಾವೂ ಇದನ್ನೇ ಮಾಡಿದ್ದೆವು. ಪೈಜೋ ಅಂದರೆ ವಿದ್ಯುತ್ ಕೊಟ್ಟರೆ ಕಂಪಿಸುವ, ಕಂಪಿಸಿದರೆ ವಿದ್ಯುತ್ ಕೊಡುವ ಬಿಲ್ಲೆ. ಫೈಬರ್ ಅಂದರೆ ಬೆಳಕು ಸಾಗುವ ಗಾಜಿನ ಎಳೆ. ಪೈಜೋನಾ ಫೈಬರಾ ಅಂತ ವಾರಗಟ್ಟಲೆ ಚರ್ಚೆ ಮಾಡಿದೆವು. ಪೈಜೋ ಗೆದ್ದಿತು. ಕೆಲಸ ಮಾತ್ರ ಸೋತಿತು.

ವಿಧಾನ ಸರಳ. ಪೈಪಿನ ಸುತ್ತ ಪೈಜೋ ಬಿಲ್ಲೆಗಳನ್ನು ಎಪಾಕ್ಸಿ ಅಂಟಿನಲ್ಲಿ ಅಂಟಿಸುತ್ತೇವೆ. ಒಂದು ಬಿಲ್ಲೆ ಅಲ್ಟ್ರಾಸೌಂಡ್ ಅಲೆ ಬಿಡುತ್ತದೆ, ಅದು ಪೈಪಿನ ಗೋಡೆಯೊಳಗೇ ಓಡಿ ಇನ್ನೊಂದನ್ನು ಮುಟ್ಟುತ್ತದೆ. ಪೈಪ್ ಚೆನ್ನಾಗಿದ್ದಾಗಿನ ಸಿಗ್ನಲ್ ಇಟ್ಟುಕೊಳ್ಳುತ್ತೇವೆ, ಅದೇ ಬೇಸ್‌ಲೈನ್. ಇವತ್ತಿನ ಸಿಗ್ನಲ್‌ನಿಂದ ಅದನ್ನು ಕಳೆದರೆ ಉಳಿಯುವುದು ಹಾನಿ ಅನ್ನುವುದು ಲೆಕ್ಕ.

ನಮ್ಮ ಬೇಸ್‌ಲೈನ್ ಏಪ್ರಿಲ್‌ನ ಒಂದೇ ಮಧ್ಯಾಹ್ನದ್ದು. ಎಲ್ಲ ಕೆಟ್ಟಿದ್ದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಉಕ್ಕು ಬಿಸಿಯಾದರೆ ಅಲೆಯ ವೇಗ ತುಸು ಕಡಿಮೆಯಾಗುತ್ತದೆ, ತಣ್ಣಗಾದರೆ ಜಾಸ್ತಿಯಾಗುತ್ತದೆ. ವ್ಯತ್ಯಾಸ ಚಿಕ್ಕದು, ನಿಜ. ಆದರೆ ಅಲೆ ದೂರ ಓಡಿದಷ್ಟೂ ಅದು ಕೂಡುತ್ತಾ ಹೋಗುತ್ತದೆ. ಎರಡು ಸಿಗ್ನಲ್ ಒಂದರ ಮೇಲೊಂದು ಕೂರುವುದಿಲ್ಲ. ಕಳೆದಾಗ ದೊಡ್ಡ ಶೇಷ ಉಳಿಯುತ್ತದೆ, ಅದು ನೋಡಲು ಥೇಟ್ ಬಿರುಕಿನ ಹಾಗೇ ಇರುತ್ತದೆ. ಜೂನ್ ಬಂತು. ಬಿಸಿಲಿಗೆ ಕಾದ ಪೈಪಿನ ಮೇಲೆ ಮಳೆ ಹೊಡೆದಾಗಲೆಲ್ಲ ಅಲಾರಂ. ನಮ್ಮ ಕರಾವಳಿ ಮಳೆ ಗೊತ್ತಲ್ವಾ! ಶಿಫ್ಟ್‌ನವರು ಪರದೆ ನೋಡುವುದನ್ನೇ ಬಿಟ್ಟರು. ಅವರದು ತಪ್ಪಲ್ಲ. ಅದೇ ಹೊತ್ತಿಗೆ ಒಂದು ಸಪೋರ್ಟ್‌ನ ಕೆಳಗೆ, ನೀರು ನಿಲ್ಲುವ ಜಾಗದಲ್ಲಿ, ಪೈಪ್ ನಿಜಕ್ಕೂ ಸವೆಯುತ್ತಿತ್ತು. ಕೊನೆಗೆ ಹನಿ ತೊಟ್ಟಿಕ್ಕುವುದನ್ನು ಕಣ್ಣಲ್ಲಿ ಕಂಡವರೇ ಹೇಳಬೇಕಾಯಿತು. ನಮ್ಮ ಡೇಟಾದಲ್ಲಿ ಅದರ ಗುರುತು ಇತ್ತು, ಸುಳ್ಳು ಅಲಾರಂಗಳ ರಾಶಿಯಲ್ಲಿ. ಸೆನ್ಸರ್‌ಗಳನ್ನು ಕಿತ್ತು ಹಾಕಿದರು.

ಫೈಬರ್ ಆಗಿದ್ದರೆ ಬಚಾವಾಗುತ್ತಿದ್ದೆವಾ? ಇಲ್ಲ. ಫೈಬರಿನೊಳಗೆ ಬ್ರ್ಯಾಗ್ ಗ್ರೇಟಿಂಗ್ ಅನ್ನುವ ಗೆರೆಗಳ ಸಾಲು ಇರುತ್ತದೆ, ಅದು ಒಂದೇ ತರಂಗಾಂತರದ ಬೆಳಕನ್ನು ವಾಪಸ್ ಕಳಿಸುತ್ತದೆ. ಫೈಬರ್ ಹಿಗ್ಗಿದರೆ ಆ ತರಂಗಾಂತರ ಸರಿಯುತ್ತದೆ. 1550 ನ್ಯಾನೊಮೀಟರ್ ಬೆಳಕಿನ ಬ್ರ್ಯಾಗ್ ಗ್ರೇಟಿಂಗ್‌ನಲ್ಲಿ ಒಂದು ಮೈಕ್ರೊಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲೊಂದು ಪಾಲು) ಹಿಗ್ಗಿದರೆ ತರಂಗಾಂತರ ಸುಮಾರು 1.2 ಪಿಕೊಮೀಟರ್ ಸರಿಯುತ್ತದೆ. ಒಂದು ಡಿಗ್ರಿ ಉಷ್ಣತೆಗೆ ಸುಮಾರು 10. ಅಂದರೆ 20 ಡಿಗ್ರಿ ಇಳಿದರೆ 160ಕ್ಕೂ ಹೆಚ್ಚು ಮೈಕ್ರೊಸ್ಟ್ರೇನ್‌ನ ಸುಳ್ಳು ಲೆಕ್ಕ. ಉಕ್ಕು ಕುಗ್ಗುವುದು ಬೇರೆ.

ಹಾಗಾಗಿ ಯಾವ ಸೆನ್ಸರ್ ಅನ್ನುವುದನ್ನು ಈಗ ಪಕ್ಕಕ್ಕಿಡಿ. ಮೊದಲು ಉಷ್ಣತೆ. ಪ್ರತಿ ಸೆನ್ಸರ್ ಗುಂಪಿನ ಜೊತೆ ಒಂದು ಉಷ್ಣತೆಯ ಸೆನ್ಸರ್ ಇರಲೇಬೇಕು. ಬೆಳಗಿನ ಜಾವ, ಉರಿಬಿಸಿಲು, ಮಳೆ, ಎಲ್ಲದರಲ್ಲೂ ಬೇಸ್‌ಲೈನ್ ತೆಗೆಯಿರಿ. ಹೋಲಿಸುವಾಗ ಆ ಉಷ್ಣತೆಗೆ ಹತ್ತಿರದ್ದನ್ನೇ ಆರಿಸಿ. ಫೈಬರ್ ಹಾಕಿದರೆ ಪಕ್ಕದಲ್ಲಿ ಅಂಟಿಸದ ಒಂದು ಗ್ರೇಟಿಂಗ್ ಸುಮ್ನೆ ಬಿಡಿ, ಅದು ಉಷ್ಣತೆಯನ್ನಷ್ಟೇ ಹೇಳುತ್ತದೆ. ಪೈಜೋ ಆದರೆ ಬಿಲ್ಲೆಯ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಸಾಮರ್ಥ್ಯ) ಆಗಾಗ ಅಳೆಯಿರಿ. ಒಡೆದರೆ ಇಳಿಯುತ್ತದೆ, ಅಂಟು ಬಿಟ್ಟರೆ ಏರುತ್ತದೆ. ಕೆಟ್ಟಿದ್ದು ಪೈಪಾ, ಸೆನ್ಸರ್ರಾ ಅಂತ ಗೊತ್ತಾಗಬೇಕಲ್ವಾ? ಕುಡಿಯುವ ನೀರಿನ ಪಿವಿಸಿ ಪೈಪ್ ಮನಸ್ಸಿನಲ್ಲಿದ್ದರೆ ಈ ವಿಧಾನ ಬೇಡ. ಪ್ಲಾಸ್ಟಿಕ್‌ನಲ್ಲಿ ಅಲೆ ಬೇಗ ಸಾಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಅದು ಹಾನಿ ಪತ್ತೆ ಹಚ್ಚುತ್ತದಾ ಅಂತ ಪರೀಕ್ಷಿಸಲು ಪೈಪ್ ಕೊಯ್ಯಬೇಕಾಗಿಲ್ಲ. ಒಂದು ಗಟ್ಟಿ ಅಯಸ್ಕಾಂತ ಕಚ್ಚಿಸಿದರೆ ಅದೇ ಹಾನಿಯ ಬದಲಿಗೆ ನಡೆಯುತ್ತದೆ, ತೆಗೆದರೆ ಪೈಪ್ ಮೊದಲಿನಂತೆ. ಈ ಪರೀಕ್ಷೆಯನ್ನು ಎಸಿ ಲ್ಯಾಬ್‌ನಲ್ಲಿ ಮುಗಿಸಬೇಡಿ, ಜುಲೈನಲ್ಲಿ ಹೊರಗೆ, ಮಳೆ ಸುರಿಯುವಾಗಲೇ ಮಾಡಿ.