ಕೇಬಲ್ ಕಂಪನಿ ಮಾರಾಟಕ್ಕೆ ಸರ್ಕಾರದ ಒಪ್ಪಿಗೆ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಒಂದು ಕೇಬಲ್ ಟಿವಿ ಕಂಪನಿ ಕೈ ಬದಲಾಗಬೇಕಾದರೆ ಸರ್ಕಾರ ಯಾಕೆ ಒಪ್ಪಬೇಕು? ಮಾರುವವರು, ಕೊಳ್ಳುವವರು ಒಪ್ಪಿದರೆ ಸಾಕಲ್ವಾ?

ಉತ್ತರ: ಸಾಲದು. ಕೇಬಲ್ ಎಳೆಯುವುದು ಊರಿನ ರಸ್ತೆಯಲ್ಲಿ ತಾನೇ? ಅದಕ್ಕೆ ಅನೇಕ ಕಡೆ ಪರವಾನಗಿ ಕೊಡುವುದು ಸ್ಥಳೀಯ ಆಡಳಿತ. ಆ ಪರವಾನಗಿಯ ಒಪ್ಪಂದದಲ್ಲಿ ಹಾಗಂತ ಇದ್ದರೆ ಹೊಸ ಮಾಲೀಕರಿಗೆ ಅದರ ಒಪ್ಪಿಗೆಯೂ ಬೇಕು. ಪೂರ್ತಿ ಅರ್ಜಿ ಕೈಸೇರಿ 120 ದಿನದೊಳಗೆ ತೀರ್ಮಾನ ಹೇಳದೆ ಸುಮ್ನೆ ಕೂತರೆ, ಗಡುವು ಮುಂದೂಡಲು ಅರ್ಜಿದಾರರೂ ಆಡಳಿತವೂ ಒಪ್ಪಿರದಿದ್ದರೆ, ಒಪ್ಪಿಗೆ ಕೊಟ್ಟಂತೆಯೇ ಲೆಕ್ಕ.

ದೊಡ್ಡ ವ್ಯವಹಾರವಾದರೆ ಕಥೆ ಬೇರೆ. ಪೈಪೋಟಿ ಸಾಯುತ್ತದೆಯೇ ಅಂತ ನ್ಯಾಯ ಇಲಾಖೆ ನೋಡುತ್ತದೆ, ಜನರಿಗೆ ಒಳ್ಳೆಯದೇ ಅಂತ ಎಫ್‌ಸಿಸಿ (ದೂರಸಂಪರ್ಕದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ನೋಡುತ್ತದೆ. 2014ರಲ್ಲಿ ಟೈಮ್ ವಾರ್ನರ್ ಕೇಬಲ್ ಎಂಬ ಕಂಪನಿಯನ್ನು ಕೊಳ್ಳಲು ಹೊರಟ ಕಾಮ್‌ಕಾಸ್ಟ್ ಕಂಪನಿ, ಇವರಿಬ್ಬರ ವಿರೋಧ ಕಂಡು 2015ರ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು. ಅದೇ ಟೈಮ್ ವಾರ್ನರ್ ಕೇಬಲನ್ನು 2016ರಲ್ಲಿ ಚಾರ್ಟರ್ ಎಂಬ ಇನ್ನೊಂದು ಕೇಬಲ್ ಕಂಪನಿ ಕೊಂಡಿತು, ಆದರೆ ಷರತ್ತಿನ ಮೇಲೆ: 7 ವರ್ಷ ಇಂಟರ್ನೆಟ್ ಬಳಕೆಗೆ ಡೇಟಾ ಮಿತಿ ಹಾಕುವಂತಿಲ್ಲ.

ನನ್ನ ಕೇಳಿದರೆ, ಒಪ್ಪಿಗೆ ಸಿಕ್ಕಿತೇ ಅನ್ನುವುದಕ್ಕಿಂತ ಇಂಥ ಷರತ್ತುಗಳನ್ನು ಓದುವುದು ಜಾಸ್ತಿ ಉಪಯೋಗ. ಗ್ರಾಹಕರಿಗೆ ನೇರವಾಗಿ ತಟ್ಟುವುದು ಅವೇ.